ನಲವತ್ತೇಳನೇ ನಂಬರಿನ ಅಕ್ಕ

ಬರೆಯುವುದಕ್ಕೆ ಮೊದಲೇ ಒಂದು ಕರಾರು ಆಗಿದೆ. ಅಕ್ಕನ ಹೆಸರು ಇದರಲ್ಲಿ ಬರಕೂಡದು. "ಏನಾರ ಬರ್ಕೊ, ಎಸ್ರು ಮಾತ್ರ ಆಕ್ಬ್ಯಾಡ ಕಣವ್ವ. ನಮ್ಮೂರೋರು ಯಾರಾರ ಓದ್ಬುಟ್ರೆ ಡೈರಿ ಮುಂದೆ ದಿನಾ ಅದೇ ಪುರಾಣ" ಎಂದು ಬೀಳ್ಕೊಡುಗೆಯ ದಿನ ನನ್ನ ಕೈ ಹಿಡಿದುಕೊಂಡು ಹೇಳಿದ್ದಾರೆ. ಆದ್ದರಿಂದ ಇಲ್ಲಿ ಅವರು ಬರೀ ಅಕ್ಕ. ಆಫೀಸಿನಲ್ಲೂ ಎಲ್ಲರಿಗೂ ಅವರು ಅಕ್ಕನೇ ಆಗಿದ್ದರು. ನಮ್ಮ ಎಂ.ಡಿ. ಒಬ್ಬರು ಮಾತ್ರ 'ಮೇಡಂ' ಅನ್ನುತ್ತಿದ್ದರು. ಹಾಗೆ ಕರೆದಾಗಲೆಲ್ಲ ಅಕ್ಕ, ತಮ್ಮ ಹಿಂದೆ ಇನ್ಯಾರೋ ನಿಂತಿರಬೇಕು ಎಂದು ತಿರುಗಿ ನೋಡುತ್ತಿದ್ದರು. ನಾಲ್ಕು ವರ್ಷ ಕಳೆದರೂ ಆ ಅಭ್ಯಾಸ ಹೋಗಲಿಲ್ಲ.

ನಮ್ಮದು ಹುಣಸೂರಿನಲ್ಲಿ ಒಂದು ಸಾಫ್ಟ್‌ವೇರ್ ಕಂಪನಿ. ಹೀಗೆಂದರೆ ನೆಂಟರು ನಗುತ್ತಾರೆ. ನಗಲಿ. ಗೊಬ್ಬರದ ಅಂಗಡಿಯ ಮೇಲಿನ ಮಹಡಿ, ಎಂಟು ಜನ, ಹತ್ತು ಕಂಪ್ಯೂಟರು. ಅವುಗಳಲ್ಲಿ ಏಳು ನಡೆಯುತ್ತಿದ್ದವು. ನಾನು ದಿನಾ ಕೆ.ಆರ್. ನಗರದಿಂದ ಬಸ್ಸಿನಲ್ಲಿ ಬಂದು ಪ್ರೋಗ್ರಾಂ ಬರೆಯುವವಳು. ಉಳಿದ ಹುಡುಗಿಯರೂ ಅಷ್ಟೇ, ಪಿರಿಯಾಪಟ್ಟಣದ ಕಡೆಯಿಂದಲೋ ಹ್ಯಾಂಡ್‌ಪೋಸ್ಟಿನಿಂದಲೋ ಬೆಳಿಗ್ಗೆ ಬಂದು ಸಂಜೆ ಮನೆ ಸೇರುವವರು. ಸಂಜೆ ಮನೆ ಸೇರುತ್ತೇವೆ ಎಂಬ ಒಂದೇ ಕಾರಣಕ್ಕೆ ನಮ್ಮಲ್ಲಿ ಅರ್ಧ ಜನರನ್ನು ಮನೆಯವರು ಕೆಲಸಕ್ಕೆ ಬಿಟ್ಟಿದ್ದರು. ಈ ಮಹಡಿಗೆ ಬೀಗ ಬಿದ್ದರೆ ನಮ್ಮ ಕೆಲಸಕ್ಕೂ ಬೀಗವೇ.

ಬೀಗ ಬೀಳುವ ಲಕ್ಷಣಗಳಿಗೇನೂ ಕೊರತೆ ಇರಲಿಲ್ಲ. ಎಂ.ಡಿ. ಕೆಟ್ಟವರಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಕೆಟ್ಟವರಾಗಿದ್ದರೆ ಬೈದುಕೊಂಡು ಹಗುರಾಗಬಹುದಿತ್ತು. ಪ್ರತಿ ಭಾನುವಾರ ಮೈಸೂರಿನ ಮನೆಯಲ್ಲಿ ಅವರಿಗೊಂದು ಹೊಸ ಯೋಚನೆ ಹುಟ್ಟುತ್ತಿತ್ತು, ಸೋಮವಾರ ಅದು ನಮ್ಮ ತಲೆಯ ಮೇಲೆ ಬೀಳುತ್ತಿತ್ತು. ಒಂದು ಸೋಮವಾರ ನಾವು ಮದುವೆ ಛತ್ರ ಗೊತ್ತುಮಾಡಿಕೊಡುವ ಕಂಪನಿ. ಇನ್ನೊಂದು ಸೋಮವಾರ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಶಾಖ ಹೆಚ್ಚಾದರೆ ರೈತನ ಫೋನಿಗೆ ಸುದ್ದಿ ಕಳಿಸುವ ಕಂಪನಿ. ರೈತ ಆ ಬ್ಯಾರನ್ನಿನ ಬಾಯಿಯಲ್ಲೇ ಸೌದೆ ತಳ್ಳುತ್ತಾ ಬೆವರು ಸುರಿಸುತ್ತಿರುತ್ತಾನೆ, ಶಾಖ ಹೆಚ್ಚಾಗಿದೆ ಎಂದು ಅವನಿಗೆ ಫೋನ್ ಏಕೆ ಹೇಳಬೇಕು ಎಂದು ನಾನು ಕೇಳಿದ್ದಕ್ಕೆ, "ನಿಮಗೆ ವಿಷನ್ ಇಲ್ಲ" ಎಂದರು. ಅವರು ಬ್ಯಾರನ್ನು ನೋಡಿದ್ದು ಕಾರಿನ ಗಾಜಿನಿಂದ ಮಾತ್ರ.

ಕೊನೆಗೆ ಬಂದದ್ದು ಹಾಲಿನ ಡೈರಿ. ಹಳ್ಳಿಯ ಹಾಲಿನ ಸಂಘದಲ್ಲಿ ಯಾರು ಎಷ್ಟು ಹಾಲು ಹಾಕಿದರು, ಫ್ಯಾಟ್ ಎಷ್ಟು ಬಂತು ಎಂದು ದಾಖಲು ಮಾಡಿ ಚೀಟಿ ಕೊಡುವ ಸಾಫ್ಟ್‌ವೇರು. ಇದು ಹೇಗೋ ನಾಲ್ಕಾರು ಸೋಮವಾರ ದಾಟಿ ಬದುಕಿಕೊಂಡಿತು. ಅದನ್ನು ಟೆಸ್ಟ್ ಮಾಡುವುದಕ್ಕೆ ಹಾಲಿನ ವಿಷಯ ಬಲ್ಲವರು ಒಬ್ಬರು ಬೇಕೆಂದು ಹುಡುಕಿದಾಗ ಸಿಕ್ಕವರು ಅಕ್ಕ. ಕಟ್ಟೆಮಳಲವಾಡಿ ಕಡೆಯವರು. ಹದಿನೆಂಟು ವರ್ಷ ತಮ್ಮೂರಿನ ಡೈರಿಯಲ್ಲಿ ಸೆಕ್ರೆಟರಿಯಾಗಿದ್ದು, ಆ ಕೆಲಸವನ್ನು ಹೊಸಬರಿಗೆ ಬಿಟ್ಟುಕೊಟ್ಟಿದ್ದರು. ಐವತ್ತು ದಾಟಿದ ವಯಸ್ಸು, ಎಣ್ಣೆ ಹಾಕಿ ಬಿಗಿಯಾಗಿ ಕಟ್ಟಿದ ತುರುಬು, ಕೈಯಲ್ಲೊಂದು ಬಟ್ಟೆಯ ಚೀಲ, ಚೀಲದೊಳಗೆ ಕೆಂಪು ರಟ್ಟಿನ ಉದ್ದನೆಯ ಪುಸ್ತಕ.

ಮೊದಲ ದಿನವೇ ಎಂ.ಡಿ. ಅವರಿಗೆ ಬೀನ್ ಬ್ಯಾಗ್ ತೋರಿಸಿದರು. ದೊಡ್ಡ ಕಂಪನಿಗಳಲ್ಲಿ ಎಲ್ಲರೂ ಇಂಥದರ ಮೇಲೇ ಕೂರುವುದು ಎಂದು ಕೇಳಿ ತರಿಸಿದ್ದು. ಅಕ್ಕ ಅದನ್ನು ಒಂದು ಸುತ್ತು ಬಂದು ನೋಡಿ, ಬೆರಳಿನಿಂದ ಒತ್ತಿ, "ಮೂಟೆ ಮ್ಯಾಲೆ ಕೂತ್ಕಂಡು ಕೆಲ್ಸ ಮಾಡ್ದೆ ಅಂತ ಮನೆಗೋಗಿ ಯಂಗ್ ಏಳ್ಲಿ ಸಾರ್? ಒಂದ್ ಕುರ್ಚಿ ಕೊಡ್ಸಿ" ಎಂದರು. ಕುರ್ಚಿ ಬಂತು. ಬೀನ್ ಬ್ಯಾಗಿನ ಮೇಲೆ ಅಂದಿನಿಂದ ನಮ್ಮ ಊಟದ ಡಬ್ಬಿಗಳು ಕೂತವು.

ಎರಡನೇ ದಿನ ನಾನು ಬಹಳ ಹೆಮ್ಮೆಯಿಂದ ಸಾಫ್ಟ್‌ವೇರು ತೋರಿಸಿದೆ. ಸದಸ್ಯರ ನಂಬರು ಒತ್ತಿದೆ, ಲೀಟರು ಒತ್ತಿದೆ, ಚೀಟಿ ಅರ್ಧ ಹೊರಗೆ ಬಂದಿತ್ತು. ಅಕ್ಕ ಎದ್ದುಹೋಗಿ ಗೋಡೆಯಿಂದ ಪ್ಲಗ್ಗನ್ನೇ ಕಿತ್ತರು! ಎಲ್ಲ ಕಪ್ಪಾಯಿತು. ನಾನು ಕಿರುಚಿದೆ.

"ಕರೆಂಟು ನಿನ್ನ ಕೇಳ್ಕಂಡು ಓಯ್ತದಾ ಮಗ?" ಎಂದರು ಶಾಂತವಾಗಿ. "ಈಗ ಆಕು. ಆ ಆಲು ಬರ್ಕಂಡೈತಾ ಇಲ್ವಾ ನೋಡಣ."

ಬರೆದುಕೊಂಡಿರಲಿಲ್ಲ. ಕೆಂಪು ಪುಸ್ತಕ ತೆರೆದು ಅಕ್ಕ ಮೊದಲ ಸಾಲು ಬರೆದರು: 'ಕರೆಂಟು ಹೋದರೆ ಹಾಲು ಮಾಯ.'

ಅವರ ಟೆಸ್ಟಿಂಗ್ ಇದ್ದದ್ದು ಹೀಗೆ. ಎಂ.ಡಿ. ಬಹಳ ಆಸೆಪಟ್ಟು ತಂದ ಬೆರಳು ಮುಟ್ಟಿಸುವ ತೆರೆಯನ್ನು, ಹಾಲಿನಲ್ಲಿ ಕೈ ಅದ್ದಿಕೊಂಡು ಬಂದು ಮುಟ್ಟಿದರು. ಅದು ಮಂಕುಬಡಿದಂತೆ ನಿಂತಿತು. "ಡೈರೀಲಿ ಒಣಗಿರೋ ಕೈ ಯಾರ್ದೈತೆ?" ಒಂದೇ ಹೆಸರಿನ ಐದು ಜನರನ್ನು ಒಟ್ಟಿಗೆ ತುಂಬಿಸಿ, ಇವರಲ್ಲಿ ಮೂಲೆಮನೆಯವನು ಯಾರು ಹೇಳು ಎಂದು ಕಂಪ್ಯೂಟರನ್ನು ಕೇಳಿದರು. ಅಡ್ಡಹೆಸರಿಗೂ ಒಂದು ಜಾಗ ಮಾಡಿಸಿದರು. ಬಾಗಿಲು ಹಾಕುವ ಹೊತ್ತಿಗೆ ಓಡಿಬರುವವಳು ಪ್ರತಿ ಊರಿನಲ್ಲೂ ಒಬ್ಬಳು ಇದ್ದೇ ಇರುತ್ತಾಳೆಂದು ಹೇಳಿ, ಅವಳಿಗಾಗಿ ಐದು ನಿಮಿಷ ಹೆಚ್ಚಿಗೆ ಇಡಿಸಿದರು. ನಾನು ಕಾಲೇಜಿನಲ್ಲಿ ನಾಲ್ಕು ವರ್ಷ ಕಲಿತದ್ದಕ್ಕಿಂತ ಹೆಚ್ಚು ಆ ಕೆಂಪು ಪುಸ್ತಕದಿಂದ ಕಲಿತೆ. ಒಂದೊಂದು ತಪ್ಪೂ ಅದರಲ್ಲಿ ಒಂದು ಸಣ್ಣ ಊರುಕತೆಯ ಹಾಗೆ ಇರುತ್ತಿತ್ತು. ಬೆಳಿಗ್ಗೆ ಬಂದ ಕೂಡಲೇ ಅದನ್ನು ಓದಿ ನಾವೆಲ್ಲ ನಕ್ಕು, ಆಮೇಲೆ ತಿದ್ದಲು ಕೂರುತ್ತಿದ್ದೆವು. ಅಷ್ಟು ಖುಷಿಯಾಗಿ ತಪ್ಪು ತಿದ್ದಿಕೊಂಡವರು ಬೇರೆ ಯಾರೂ ಇರಲಾರರು.

ಹೀಗಿರುವಾಗ ಒಂದು ಸೋಮವಾರ ಬಂತು.

ಎಂ.ಡಿ. ಬಾಗಿಲಲ್ಲಿ ನಿಂತೇ ಹೇಳಿದರು: "ದೊಡ್ಡ ಕಂಪನಿಗಳು ಇನ್‌ಆಕ್ಟಿವ್ ಯೂಸರ್‌ನ ಇಟ್ಕೊಳ್ಳಲ್ಲ. ಅರವತ್ತು ದಿನ ಯಾರು ಹಾಲು ಹಾಕಿಲ್ವೋ ಅವರ ಹೆಸರು ತಾನಾಗೇ ಅಳಿಸಿಹೋಗಬೇಕು. ಲಿಸ್ಟ್ ನೀಟಾಗಿರತ್ತೆ."

ಅಕ್ಕ ಪುಸ್ತಕ ಮುಚ್ಚಿದರು. "ಸಾರ್, ಅಸ ಗಬ್ಬ ಆದ್ರೆ ಕಡೇ ಎರಡ್ ತಿಂಗ್ಳು ಕರಿಯಲ್ಲ. ಆಲು ಬತ್ತಿಸ್ತಾರೆ. ಆಮ್ಯಾಕೆ ಈದು, ಗಿಣ್ಣು ಮುಗುದು, ಡೈರಿಗೆ ಬರೋ ಒತ್ಗೆ ಅರವತ್ ದಿನ ದಾಟೋಗಿರ್ತದೆ."

"ಮೇಡಂ, ಅದು ಎಕ್ಸೆಪ್ಷನ್."

"ಅಸ ಗಬ್ಬ ಆಗೋದು ಎಕ್ಸೆಪ್ಷನ್ ಅಲ್ಲ ಸಾರ್. ಅದು ಆಗ್ದಿದ್ರೆ ಆಲೆಲ್ ಬತ್ತದೆ?"

ನಾವೆಲ್ಲ ತುಟಿ ಕಚ್ಚಿಕೊಂಡೆವು. ಎಂ.ಡಿ. ಫೋನು ಬಂದಂತೆ ಮಾಡಿ ಒಳಗೆ ಹೋದರು. ಮಾರನೇ ದಿನ ನನ್ನೊಬ್ಬಳನ್ನೇ ಕರೆದು, ಇದು ಆಗಲೇಬೇಕು ಎಂದರು. ನಾನು ಬರೆದೆ. ಅಂಜಿಕೊಂಡು ಬರೆದೆ ಎಂದು ಈಗ ಹೇಳಬಹುದು. ಆಗ ನನಗೆ ನಾನೇ ಹೇಳಿಕೊಂಡದ್ದು, ನಾಲ್ಕೇ ಸಾಲು, ಹೋಗಲಿ ಬಿಡು ಎಂದು.

ನಮ್ಮ ಅಭ್ಯಾಸಕ್ಕೆಂದು ಅಕ್ಕನ ಊರಿನ ಡೈರಿಯ ಪಟ್ಟಿಯನ್ನೇ ಕಂಪ್ಯೂಟರಿಗೆ ತುಂಬಿಕೊಂಡಿದ್ದೆವು. ಆ ನಾಲ್ಕು ಸಾಲನ್ನು ಮೊದಲು ಓಡಿಸಿದ್ದು ಅದರ ಮೇಲೆ. ಹನ್ನೊಂದು ಹೆಸರು ಹೋದವು. ಅಕ್ಕ ನನ್ನ ಹಿಂದೆ ನಿಂತು ನೋಡುತ್ತಿದ್ದರು. ಹೋದದ್ದರಲ್ಲಿ ಒಂದು, ನಲವತ್ತೇಳನೇ ನಂಬರು, ಅವರದೇ.

ಅವರ ಮನೆಯಲ್ಲಿ ಆಗ ಹಸುಗಳಿರಲಿಲ್ಲ. ಎಂಟು ಗಂಟೆಯ ಬಸ್ಸಿಗೂ ಹಸುವಿಗೂ ಹೊಂದಲಿಲ್ಲವೆಂದು ಮಾರಿದ್ದರು. ("ನಮ್ ಯಜಮಾನ್ರಿಗೆ ಆಲು ಕರಿಯಾಕ್ ಬರಲ್ಲ, ಕುಡಿಯಾಕ್ ಮಾತ್ರ ಬತ್ತದೆ.") ಅಂದು ಅವರು ನಗಲಿಲ್ಲ. ಖಾಲಿಯಾದ ಆ ಸಾಲಿನ ಮೇಲೆ ಬೆರಳಿಟ್ಟು ಮೆಲ್ಲಗೆ ಹೇಳಿದರು:

"ಮನೆ ಅವರೆಸ್ರಲ್ಲೈತೆ. ಒಲ ಮಾವನ ಎಸ್ರಲ್ಲೇ ಐತೆ. ರೇಷನ್ ಕಾರ್ಡು ಅತ್ತೆದು. ನನ್ನೆಸ್ರಲ್ಲಿ ಇರೋದು ಅಂದ್ರೆ ಈ ನಂಬ್ರ ಒಂದೇ ಕಣವ್ವ. ಎಂಗುಸ್ರಿಗೂ ನಂಬ್ರ ಕೊಡ್ಬೇಕು ಅಂತ ಸಭೇಲಿ ಎದ್ ನಿಂತ್ ಕೇಳಿ ಈಸ್ಕಂಡಿದ್ದು. ಇನ್ನೊಂದಿನ ಅಸ ಕಟ್ಟೇ ಕಟ್ತೀನಿ, ಆಗ್ಲೂ ಅದೇ ನಂಬ್ರದಲ್ಲೇ ಆಲು ಆಕ್ಬೇಕು ಅಂತ ನಂಗಾಸೆ. ತಗಿಯಂಗಿದ್ರೆ ಊರೋರು ಸಭೆ ಕೂತು ತಗೀಲಿ. ಮಿಷನ್ ಯಾಕ್ ತಗೀಬೇಕು?"

ಎಂ.ಡಿ.ಗೆ ಹೇಳೋಣ ಅಕ್ಕ ಎಂದೆ. "ನನ್ ಸುದ್ದಿ ಏಳ್ಬ್ಯಾಡ. ಗಬ್ಬದ್ ಅಸಿನ ಸುದ್ದಿ ಏಳು, ಸಾಕು" ಎಂದರು. ನಾನು ಎರಡು ಸಲ ಹೇಳಿದೆ. ಎಂ.ಡಿ. ಎರಡು ಸಲವೂ ವಿಷನ್ ಎಂದರು.

ಅದಾಗಿ ಹದಿನೈದು ದಿನಕ್ಕೆ ಪಿರಿಯಾಪಟ್ಟಣದ ಕಡೆ ಒಂದು ಹಳ್ಳಿಯಲ್ಲಿ ನಮ್ಮ ಸಾಫ್ಟ್‌ವೇರಿನ ಉದ್ಘಾಟನೆ. ಆ ಊರಿನ ಡೈರಿಯ ಹಳೆಯ ಲೆಕ್ಕವನ್ನೆಲ್ಲ ಮೊದಲೇ ಅದಕ್ಕೆ ತುಂಬಿಟ್ಟಿದ್ದೆವು. ಅಕ್ಕಪಕ್ಕದ ಹತ್ತು ಹನ್ನೆರಡು ಊರಿನ ಸಂಘದವರು ನೋಡಲು ಬರುವುದೆಂದೂ, ಅವರಿಗೆ ಹಿಡಿಸಿದರೆ ಎಲ್ಲ ಊರಿಗೂ ಹಾಕಿಸುವುದೆಂದೂ ಮಾತಾಗಿತ್ತು. ಹಿಡಿಸದಿದ್ದರೆ ಮಹಡಿ ಖಾಲಿ ಮಾಡುವುದೇ ಸೈ ಎಂದು ಎಂ.ಡಿ.ಯವರೇ ಬಾಯಿಬಿಟ್ಟು ಹೇಳಿದ್ದರು. ಅಕ್ಕ ಹಿಂದಿನ ದಿನವೇ ಆ ಊರಿಗೆ ಹೋಗಿ ಅಲ್ಲಿನ ಸೆಕ್ರೆಟರಿಯ ಮನೆಯಲ್ಲಿ ಉಳಿದಿದ್ದರು. ಏಕೆಂದು ನಮಗೆ ತಿಳಿದಿರಲಿಲ್ಲ.

ಬೆಳಿಗ್ಗೆ ಆರೂವರೆ. ಡೈರಿಯ ಮುಂದೆ ಮಾವಿನ ತೋರಣ, ಕಂಪ್ಯೂಟರಿಗೆ ಅರಿಶಿನ ಕುಂಕುಮ, ಸಾಲಾಗಿ ಹಾಲಿನ ಕ್ಯಾನುಗಳು. ಎಂ.ಡಿ. ಮೊದಲ ಸಲ ಕಾರಿನಿಂದ ಇಳಿದು ಹಳ್ಳಿಯ ನೆಲ ಮುಟ್ಟಿದ್ದರು. ಸಂಘದ ಅಧ್ಯಕ್ಷರು ಎಪ್ಪತ್ತರ ಗಟ್ಟಿ ಯಜಮಾನರು. ಮೊದಲ ಹಾಲು ತಮ್ಮದೇ ಆಗಬೇಕೆಂದು ಹೊಸ ಪಂಚೆ ಉಟ್ಟು, ಕ್ಯಾನು ಹಿಡಿದು ನಿಂತಿದ್ದರು. ನಂಬರು ಹೇಳಿದರು. ನಾನು ಒತ್ತಿದೆ. ತೆರೆಯ ಮೇಲೆ ದಪ್ಪ ಅಕ್ಷರದಲ್ಲಿ ಬಂತು: 'ಈ ಸದಸ್ಯರು ಇಲ್ಲ.'

"ಏನಂತೆ?" ಎಂದರು ಅಧ್ಯಕ್ಷರು.

ಪಕ್ಕದವರು ಇಣುಕಿ ಓದಿದರು. "ನೀನಿಲ್ವಂತೆ ಕಣಣ್ಣೋ."

"ಇಲ್ವಾ? ಮತ್ತಿಲ್ಲಿ ನಿಂತಿರೋನ್ ಯಾರ್ಲಾ?"

ಎಂ.ಡಿ. ಸುಮ್ಮನಿರಬಹುದಿತ್ತು. ಅವರು ಮುಂದೆ ಬಂದು ವಿವರಿಸಿದರು. "ಸರ್, ಸಿಸ್ಟಮ್ ಪ್ರಕಾರ ನೀವು ಅರವತ್ತು ದಿನದಿಂದ ಇನ್‌ಆಕ್ಟಿವ್. ಅಂದ್ರೆ, ಯಾವುದೇ ಚಟುವಟಿಕೆ ಇಲ್ಲ."

"ಚಟುವಟಿಕೆ ಇಲ್ವಾ!" ಅಧ್ಯಕ್ಷರ ಮೀಸೆ ಅದುರಿತು. "ಕೋಳಿ ಕೂಗೋಕ್ ಮುಂಚೆ ಎದ್ದು ಕೊಟ್ಗೆ ಬಾಚ್ತೀನಿ, ಉಲ್ ಕುಯ್ಕಂಬತ್ತೀನಿ. ನೀವೆಷ್ಟೊತ್ಗೆ ಏಳ್ತೀರಿ ಸ್ವಾಮಿ?"

ಜನ ಗೊಳ್ಳೆಂದು ನಕ್ಕರು. ಆದರೆ ಅಧ್ಯಕ್ಷರು ನಗಲಿಲ್ಲ. ಪಕ್ಕದೂರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅಧ್ಯಕ್ಷರನ್ನೇ ಇಲ್ಲ ಅಂದ ಮಿಷನ್ನು ನಮ್ಮನ್ನ ಉಳಿಸ್ತದಾ? ನಡೀರ್ಲಾ" ಎಂದು ಯಾರೋ ಮೋಟರ್‌ಬೈಕು ಸ್ಟಾರ್ಟ್ ಮಾಡಿದ ಸದ್ದು ಕೇಳಿತು. ನನ್ನ ಕಣ್ಣ ಮುಂದೆ ಆ ಮಹಡಿಯ ಬೀಗವೇ ಬಂದು ನಿಂತಿತು.

ಆಗ ಅಕ್ಕ ಗುಂಪಿನಿಂದ ಮುಂದೆ ಬಂದರು. ಕ್ಯಾನಿನ ಮುಚ್ಚಳ ತೆಗೆದು ಹಾಲು ನೋಡಿದರು.

"ಅಣ್ಣೋ, ಯಾವತ್ತು ಈದ್ತು ನಿಮ್ಮಸ? ಎಣ್ಗರುವಾ, ಗಂಡಾ?"

ಅಧ್ಯಕ್ಷರ ಮುಖ ಅಷ್ಟರಲ್ಲೇ ಸಡಿಲವಾಯಿತು. "ಎಣ್ಗರು ಕಣವ್ವ. ಒಂಬತ್ ದಿನ ಆಯ್ತು. ಅಣೆ ಮ್ಯಾಲೆ ಬಿಳೀ ಬೊಟ್ಟೈತೆ."

"ಅದೃಷ್ಟ ಬುಡಿ. ನೋಡಣ್ಣ, ತಪ್ಪು ಮಿಷನ್ದಲ್ಲ, ನಮ್ದು. ಅಸ ಗಬ್ಬ ಆಯ್ತದೆ ಅಂತ ಇದ್ಕೆ ಏಳ್ಕೊಟ್ಟಿರ್ಲಿಲ್ಲ ನಾವು. ಪ್ಯಾಟೇಲಿ ಬೆಳ್ದಿದ್ದು, ಅದ್ಕೇನ್ ಗೊತ್ತು? ಅರ್ಧ ಗಂಟೆ ಕೊಡಿ, ಕಲ್ಸ್ಬುಡ್ತೀವಿ." ಆಮೇಲೆ ನನ್ನ ಕಡೆ ತಿರುಗಿ, ಕೆಂಪು ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿಟ್ಟರು. ಆ ಊರಿನಲ್ಲಿ ಅಳಿಸಿಹೋಗಿದ್ದ ಅಷ್ಟೂ ಹೆಸರು ಅಲ್ಲಿದ್ದವು. ಹಿಂದಿನ ದಿನ ಮನೆಮನೆಗೆ ಹೋಗಿ ವಿಚಾರಿಸಿ ಬರೆದುಕೊಂಡಿದ್ದರು. ಒಂದೊಂದರ ಮುಂದೆಯೂ ಕಾರಣ: ಗಬ್ಬ. ಗಬ್ಬ. ಮಗಳು ಬಾಣಂತಿ, ಹಾಲು ಮನೆಗೇ ಬೇಕು. ಗಬ್ಬ. ಎಮ್ಮೆ ತರಲು ಎನ್. ಬೇಗೂರಿಗೆ ಹೋಗಿದ್ದಾರೆ. ಗಬ್ಬ.

"ಆಲು ಆಕ್ತಾವ್ರೆ ಅಂತ ಒಂದು, ಇಲ್ಲ ಅಂತ ಒಂದು, ಎರಡೇ ಇಟ್ಟಿದ್ದೀಯ. ಮಧ್ಯದಲ್ಲಿ ಇನ್ನೊಂದಿಡು" ಎಂದು ನನ್ನ ಕಿವಿಯಲ್ಲಿ ಹೇಳಿದರು. "ನೀ ಬರಿ, ನಾನಿವ್ರನ್ನ ನೋಡ್ಕತ್ತೀನಿ."

ನಾನು ಬರೆಯತೊಡಗಿದೆ. ಅಕ್ಕ ಅತ್ತ ಜನರನ್ನು ಕೂರಿಸಿಕೊಂಡು ಕರುವಿಗೆ ಏನು ಹೆಸರಿಡುವುದು ಎಂಬ ಚರ್ಚೆ ಎಬ್ಬಿಸಿದರು. ಹನ್ನೆರಡು ಊರಿನವರಿಗೆ ಹನ್ನೆರಡು ಅಭಿಪ್ರಾಯ. ಸ್ಟಾರ್ಟ್ ಆಗಿದ್ದ ಬೈಕು ಆಫ್ ಆಯಿತು, ಅದರ ಮೇಲಿದ್ದವನಿಗೂ ಒಂದು ಹೆಸರು ಹೊಳೆದಿತ್ತು. ಎಂ.ಡಿ. ಒಂದು ಖಾಲಿ ಕ್ಯಾನಿನ ಮೇಲೆ ಕೂತು ಎಲ್ಲರ ಬಾಯಿ ನೋಡುತ್ತಿದ್ದರು. ನಲವತ್ತು ನಿಮಿಷಕ್ಕೆ ಮೂರನೇ ಗುಂಡಿ ಸಿದ್ಧವಾಯಿತು. ಅದರ ಮೇಲೆ 'ಗಬ್ಬ' ಎಂದು ಬರೆದೆ. ಅಧ್ಯಕ್ಷರ ನಂಬರು ಒತ್ತಿದೆ, ಹೆಸರು ಬಂತು, ಅಡ್ಡಹೆಸರೂ ಬಂತು, ಚೀಟಿ ಹೊರಗೆ ಬಂತು. ಅವರು ಅದನ್ನು ಕಣ್ಣಿಗೊತ್ತಿಕೊಂಡು ಜೇಬಿಗಿಟ್ಟುಕೊಂಡರು.

"ಗಬ್ಬಕ್ಕೂ ಒಂದ್ ಗುಂಡಿ ಮಡುಗವ್ರಲ್ಲಪ್ಪ! ಇವ್ರಿಗೆ ಅಸ ಗೊತ್ತೈತೆ" ಎಂದರು ಪಕ್ಕದೂರಿನವರು. ಹತ್ತು ಊರು ಅಂದೇ ಒಪ್ಪಿದವು.

ಹಿಂತಿರುಗುವಾಗ ಕಾರಿನಲ್ಲಿ ಎಂ.ಡಿ. "ಮೇಡಂ, ನೀವು ಹೇಳಿದಾಗ ನಾನು ಕೇಳಬೇಕಿತ್ತು" ಎಂದರು. ಅಕ್ಕ ಅಭ್ಯಾಸಬಲದಿಂದ ಹಿಂದಿನ ಸೀಟಿನಲ್ಲಿದ್ದ ನನ್ನ ಕಡೆ ತಿರುಗಿ ನೋಡಿದರು.

ಆಫೀಸಿಗೆ ಬಂದ ಕೂಡಲೇ ನಾನು ಮಾಡಿದ ಮೊದಲ ಕೆಲಸ ಆ ಹನ್ನೊಂದು ಹೆಸರನ್ನು ವಾಪಸು ತಂದದ್ದು. ನಲವತ್ತೇಳನೇ ನಂಬರಿನ ಮುಂದೆ ನಾನೇ 'ಗಬ್ಬ' ಒತ್ತಿದೆ. "ಕೊಟ್ಗೇಲಿ ಅಸನೇ ಇಲ್ಲ, ಗಬ್ಬ ಎಲ್ಲಿಂದ ಬತ್ತದೆ? ಸುಳ್ಳು ಬರೀಬ್ಯಾಡ" ಎಂದು ಅಕ್ಕ ಗದರಿದರು. "ಆಸೆ ಗಬ್ಬ ಅಂದ್ಕೊಳ್ಳಿ ಅಕ್ಕ" ಎಂದೆ. ಅವರು ಮುಖ ಬೇರೆ ಕಡೆ ತಿರುಗಿಸಿ ಕಣ್ಣೊರೆಸಿಕೊಂಡರು. ಅಳಿಸು ಎಂದು ಮಾತ್ರ ಹೇಳಲಿಲ್ಲ. ಮುಂದೆ ಅವರ ಊರಿನ ಡೈರಿಗೂ ನಮ್ಮ ಸಾಫ್ಟ್‌ವೇರು ಬಂದಾಗ ಆ ಗಬ್ಬವೂ ಜೊತೆಗೇ ಹೋಯಿತು. ವರ್ಷಕ್ಕೊಮ್ಮೆ ಊರಿನ ಸಭೆಯಲ್ಲಿ ಪಟ್ಟಿ ಓದುವಾಗ, "ಏನಕ್ಕೋ, ಇನ್ನೂ ಈದಿಲ್ವಾ ನಿನ್ನಸ?" ಎಂದು ಎಲ್ಲರೂ ಕೇಳುವುದು, "ದೊಡ್ ಕರು ಕಣ್ರಲಾ, ಟೇಮ್ ಇಡೀತದೆ" ಎಂದು ಇವರು ಹೇಳುವುದು, ಊರಿಡೀ ನಕ್ಕು ಮುಂದಿನ ನಂಬರಿಗೆ ಹೋಗುವುದು. ಯಾರೂ ತೆಗೆಯಿರಿ ಎನ್ನಲಿಲ್ಲವಂತೆ.

ಎಂ.ಡಿ. ಬದಲಾದರು ಎಂದರೆ ಸುಳ್ಳಾಗುತ್ತದೆ. ಸೋಮವಾರಗಳು ಬರುತ್ತಲೇ ಇದ್ದವು. ಆದರೆ ಈಗ ಯೋಚನೆ ಮೊದಲು ಅಕ್ಕನ ಕುರ್ಚಿಯ ಹತ್ತಿರ ಹೋಗಬೇಕಿತ್ತು. ಅಕ್ಕ ಕೇಳಿ, ತಲೆದೂಗಿ, ಎರಡೇ ಮಾತಿನಲ್ಲಿ ತೀರ್ಪು ಕೊಡುತ್ತಿದ್ದರು. "ಇದು ಗೊಡ್ಡು ಸಾರ್, ಮೇವು ದಂಡ." ಇಲ್ಲವೇ, "ಇದು ಗಬ್ಬ ಇದ್ದಂಗೈತೆ, ಕಾಯಣ." ನಾಲ್ಕು ವರ್ಷದಲ್ಲಿ ಕಾಯುವಂಥದು ಮೂರೇ ಬಂದವು. ಆ ಮೂರರಿಂದಲೇ ನಾವು ಇವತ್ತೂ ಅನ್ನ ತಿನ್ನುತ್ತಿದ್ದೇವೆ. ಮಧ್ಯೆ ಒಂದು ಮಳೆಗಾಲವಿಡೀ ಕೆಲಸವೇ ಇಲ್ಲದೆ ಕೂತಿದ್ದಾಗ, ಬೇರೆ ಕೆಲಸ ನೋಡಿಕೊಳ್ಳುತ್ತೇನೆ ಎಂದು ನಾನು ಅತ್ತಿದ್ದೆ. "ಬತ್ತೋದ್ ಅಸಿನ ಯಾರಾರ ಕಸಾಯಿಗ್ ಅಟ್ತಾರಾ? ಎರಡ್ ತಿಂಗ್ಳು ಉಲ್ಲಾಕು" ಎಂದು ತಮ್ಮ ಡಬ್ಬಿಯ ಅವರೆಕಾಳು ಉಪ್ಪಿಟ್ಟನ್ನು ನನ್ನ ಮುಂದಿಟ್ಟರು. ನಾನು ತಿಂದೆ, ಉಳಿದುಕೊಂಡೆ.

ಹೋದ ವರ್ಷ ಒಂದು ದಿನ, "ಸಾಕು ಕಣವ್ವ, ಕುರ್ಚಿ ಸೊಂಟ ಇಡ್ಕಂಡೈತೆ. ಅಸ ಕಟ್ತೀನಿ" ಎಂದರು. ಬೀಳ್ಕೊಡುಗೆಗೆ ಎಂ.ಡಿ. ಉದ್ದನೆಯ ಭಾಷಣ ಬರೆದುಕೊಂಡು ಬಂದಿದ್ದರು. ಎರಡು ಸಾಲು ಓದಿ, ಹಾಳೆ ಮಡಿಚಿ ಅಕ್ಕನ ಕೈಗೇ ಕೊಟ್ಟು ಕೂತುಬಿಟ್ಟರು. ಅಕ್ಕ ಕೆಂಪು ಪುಸ್ತಕವನ್ನು ನನಗೆ ಕೊಟ್ಟರು. ಇನ್ನೂ ಹತ್ತಾರು ಹಾಳೆ ಖಾಲಿ ಇದ್ದವು.

ಆಮೇಲೆ ಒಂದು ದಿನ ಬಸ್ಸಿನ ಕಂಡಕ್ಟರ ಕೈಯಲ್ಲಿ ಒಂದು ಡಬ್ಬಿ ಬಂತು. ತೆರೆದರೆ ಏಲಕ್ಕಿ ಹಾಕಿದ ಗಿಣ್ಣು. ಚೀಟಿ ಇಲ್ಲ, ಸುದ್ದಿ ಇಲ್ಲ, ಗಿಣ್ಣೇ ಸುದ್ದಿ. ಎಂ.ಡಿ. ನಾಲ್ಕು ತುಂಡು ತಿಂದರು.

ವಾರ ಕಳೆದು ಒಂದು ಸೋಮವಾರ, ನಾನು ಬೆಳಿಗ್ಗೆ ಬಂದು ಆ ಊರಿನ ಪಟ್ಟಿ ತೆರೆದೆ. ನಲವತ್ತೇಳನೇ ನಂಬರಿನ ಮುಂದೆ ನಾಲ್ಕು ವರ್ಷದಿಂದ ಕೂತಿದ್ದ ಗಬ್ಬ ಹೋಗಿತ್ತು. ಅಲ್ಲಿ ಮೂರೂವರೆ ಲೀಟರು ಹಾಲಿತ್ತು. ನಾನು ಕೂಗಿಕೊಂಡ ರಭಸಕ್ಕೆ ಎಲ್ಲರೂ ಓಡಿಬಂದರು. ಹೊಸ ಯೋಚನೆಯ ಸಮೇತ ಆಗತಾನೇ ಮೆಟ್ಟಿಲು ಹತ್ತಿದ್ದ ಎಂ.ಡಿ.ಯೂ ಬಂದು ನನ್ನ ಹಿಂದೆ ನಿಂತರು. ತೆರೆಯನ್ನು ನೋಡಿದರು. ಯೋಚನೆ ಮರೆತೇ ಹೋಯಿತೆಂದು ಕಾಣುತ್ತದೆ. ಅಕ್ಕನಿಗೆ ತಾವೇ ಫೋನು ಹಚ್ಚಿ ಕೇಳಿದರು: "ಹೆಣ್ಣು ಕರುನಾ ಮೇಡಂ, ಗಂಡಾ?"

"ಎಣ್ಗರು ಸಾರ್!" ಎಂದು ಅಕ್ಕನ ದನಿ ಇಡೀ ಆಫೀಸಿಗೆ ಕೇಳಿತು. "ಅದಿರ್ಲಿ, ಆ ಮಗೀಗೆ ಏಳಿ, ಪುಸ್ತಕ ತಗ್ದು ಬರ್ಕಳ್ಳಿ. ಚೀಟೀಲಿ ನನ್ನೆಸ್ರು ಅರ್ಧಕ್ಕೇ ಕಟ್ ಆಗೈತೆ. ನಂಗೆ ಪೂರ್ತಿ ಬರ್ಬೇಕು."

ನಾನು ಕೆಂಪು ಪುಸ್ತಕ ತೆರೆದು ಬರೆದುಕೊಂಡೆ. ಮಧ್ಯಾಹ್ನದೊಳಗೆ ಸರಿಮಾಡಿದೆ. ಕೊಟ್ಟ ಮಾತಿನಂತೆ ಇಲ್ಲಿ ಅವರ ಹೆಸರು ಹಾಕಿಲ್ಲ. ಆ ಚೀಟಿಯಲ್ಲಿ ಮಾತ್ರ ಈಗ ದಿನಕ್ಕೆರಡು ಸಲ, ಒಂದು ಅಕ್ಷರವೂ ಬಿಡದೆ ಬರುತ್ತದೆ.